ಎರಡು ಹಿಡಿಕೆಯ ಪೆಟ್ಟಿಗೆ

ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವನ ಮನೆ ಮೂರನೇ ಮಹಡಿಯಲ್ಲಿ, ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ! ಇದನ್ನು ಹೇಳಿಕೊಂಡು ನಗದ ನೆಂಟರಿಲ್ಲ. ಸೊಂಟ ಕೈಕೊಡುವ ತನಕ ಅವನೂ ನಗುತ್ತಿದ್ದ.

ಹಗಲು ಲಿಫ್ಟು, ರಜೆ ಸಿಕ್ಕಾಗ ವಾದ್ಯಗೋಷ್ಠಿಯಲ್ಲಿ ಮಂದ್ರದಲ್ಲಿ ಗುಮ್ಮೆನ್ನುವ ಬಾಸ್ ಗಿಟಾರು. ಅವನು ನುಡಿಸಿದರೆ ಯಾರೂ ಗಮನಿಸುವುದಿಲ್ಲ, ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಗಿಟಾರಿನ ದನಿ ಜೋರು ಮಾಡುವ ಅವನ ಹಳೇ ಆಂಪ್ ಕಾಂಬೋ, ಅಂದರೆ ಯಂತ್ರ, ಸ್ಪೀಕರು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಬೀರುವಿನಷ್ಟು ಭಾರ. ಅದನ್ನು ಒಬ್ಬನೇ ಹೊತ್ತು ಮೆಟ್ಟಿಲು ಹತ್ತುವುದು ಮಹಾರಾಯನಿಗೆ ದೊಡ್ಡ ಜಂಬ. ಹೆಂಡತಿ ಕೈಹಾಕಲು ಬಂದರೂ ಗದರುತ್ತಿದ್ದ. ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ಸೊಂಟ ಕಳಕ್ ಎಂದಿತು. ಆಂಪ್ ಉರುಳಿಕೊಂಡು ಹೋಗಿ ಪುಡಿಯಾಯಿತು, ಇವನು ತಿಂಗಳುಗಟ್ಟಲೆ ಹಾಸಿಗೆ ಹಿಡಿದ.

ಮೆಲ್ಲಗೆ ಚೇತರಿಸಿಕೊಂಡು ಕೆಲಸಕ್ಕೇನೋ ಹೋಗತೊಡಗಿದ. ಆದರೆ ಗೋಷ್ಠಿಯಲ್ಲಿ ಅವನ ಜಾಗದಲ್ಲಿ ಹೊಸಬನೊಬ್ಬ ನುಡಿಸುತ್ತಿದ್ದ. ಗೋಷ್ಠಿ ನಡೆಸುವ ಹಾಡುಗಾರ, ಎಲ್ಲರೂ ಗುರುಗಳು ಎನ್ನುವವರು, ಫೋನು ಮಾಡಿ ಹೇಳಿಯೇಬಿಟ್ಟರು: “ನೋಡಪ್ಪಾ, ಭಾನುವಾರ ಪ್ರ್ಯಾಕ್ಟೀಸು. ಆಂಪ್ ತಗೊಂಡು ಬಂದ್ರೆ ಜಾಗ ನಿಂದೇ. ಇಲ್ಲಾಂದ್ರೆ ಹೊಸಬನ್ನೇ ಕಾಯಂ ಮಾಡ್ತೀನಿ, ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುವುದು! ಅವನಿಗೆ ಅಳುವೇ ಬಂತು. ಮರುದಿನವೇ ಹೆಂಡತಿಯನ್ನು ಕರೆದುಕೊಂಡು ವಾದ್ಯಗಳ ಅಂಗಡಿಗೆ ಓಡಿದ.

ಅಲ್ಲಿ ಎರಡು ಆಂಪ್ ಮನಸ್ಸಿಗೆ ಬಂದವು. ಒಂದು ಹೊಸ ಕಾಂಬೋ, ನೆತ್ತಿಯ ಮೇಲೆ ಒಂದೇ ಹಿಡಿಕೆ. ಇನ್ನೊಂದರಲ್ಲಿ ಎರಡೂ ಬೇರೆ ಬೇರೆ: ಚಪ್ಪಲಿ ಡಬ್ಬದಷ್ಟು ಪುಟ್ಟ ಯಂತ್ರ, ಅದಕ್ಕೆ ಹೆಡ್ ಅನ್ನುತ್ತಾರೆ. ಜೊತೆಗೆ ಸ್ಪೀಕರಿನ ಪೆಟ್ಟಿಗೆ, ಕ್ಯಾಬಿನೆಟ್. ಅದಕ್ಕೆ ಎರಡೂ ಪಕ್ಕ ಹಿಡಿಕೆ. ನುಡಿಸಿ ನೋಡಿದ. ಎರಡರ ನಾದವೂ ಎದೆಗೇ ನಾಟಿತು.

“ಕಾಂಬೋನೇ ತಗೊಳ್ಳಿ ಸಾರ್,” ಎಂದ ಅಂಗಡಿಯವನು. “ವೈರು ಗೀರು ತಲೆನೋವಿಲ್ಲ. ಒಬ್ರೇ ಎತ್ಕೊಂಡು ಹೋಗ್ಬಹುದು.”

ಒಬ್ರೇ ಎಂದದ್ದೇ ತಡ, ಇವನ ಕೈ ಆ ಹಿಡಿಕೆಯ ಮೇಲಿತ್ತು. ಬುದ್ಧಿ ಬಂದಿದ್ದರೆ ತಾನೆ!

“ರೀ, ಲಿಫ್ಟಿನ ಗುಂಡಿಗೆ ಒಬ್ರೇ ಇಳೀತೀರಾ?” ಎಂದಳು ಹೆಂಡತಿ.

“ಹುಚ್ಚೇನೇ ನಿಂಗೆ? ಮೇಲೊಬ್ಬ ಇರ್ಬೇಕು, ಕೆಳಗೊಬ್ಬ ಇರ್ಬೇಕು. ಒಬ್ರನ್ನೊಬ್ರು ಕೂಗಿ ಹೇಳ್ದೆ ಒಂದು ಬೋಲ್ಟೂ ಅಲ್ಲಾಡಿಸೋ ಹಾಗಿಲ್ಲ.”

“ಮತ್ತೆ ನಮ್ಮನೆ ಮೆಟ್ಟಿಲೇನು ಪಾಪ ಮಾಡಿತ್ತು?”

ಅಂಗಡಿಯವನು ಅತ್ತ ತಿರುಗಿ ನಗು ನುಂಗಿಕೊಂಡ.

“ನಿಂಗೆ ಭಾರ ಆಗಲ್ವೇನೇ?” ಎಂದ ಗಂಡ ಕೊನೆಗೆ, ಸಣ್ಣ ದನಿಯಲ್ಲಿ.

“ಅಷ್ಟು ದಿನ ನಿಮ್ಮನ್ನ ಎತ್ತಿ ಕೂರಿಸಿದ್ದೀನಿ. ಇದ್ಯಾವ ಲೆಕ್ಕ?”

ಅವನು ಕಾಂಬೋದ ಹಿಡಿಕೆ ಬಿಟ್ಟ.

ಮನೆಗೆ ಬಂದಾಗ ಹೆಡ್ಡು ಅವನ ಹೆಗಲ ಚೀಲದಲ್ಲಿತ್ತು. ಮೆಟ್ಟಿಲಲ್ಲಿ ಕೆಳಗಿನವರಿಗೇ ಭಾರ ಜಾಸ್ತಿಯೆಂದು ಗೊತ್ತಿದ್ದೂ ಅವಳು ಹಠ ಹಿಡಿದು ಕ್ಯಾಬಿನೆಟ್ಟಿನ ಕೆಳಗಿನ ಹಿಡಿಕೆಗೆ ನಿಂತಳು.

“ಮೇಲೆ ರೆಡಿನಾ?” ಎಂದು ಥೇಟ್ ಲಿಫ್ಟಿನವರ ಹಾಗೆ ಕೂಗಿದಳು.

“ರೆಡಿ!”

ಎರಡನೇ ಮಹಡಿಯ ಆ ತಿರುವು ಬಂತು. ಹಿಂದೆಂದೂ ಅವನ ಬಾಯಿಂದ ಬಾರದ ಮಾತು ಬಂತು: “ಸ್ವಲ್ಪ ನಿಲ್ಲೇ.”

“ನಿಂತಿದ್ದೀನಿ. ಸುಧಾರಿಸ್ಕೊಳ್ಳಿ, ನಾನೆಲ್ಲಿಗೂ ಹೋಗಲ್ಲ.”

ಪಕ್ಕದ ಬಾಗಿಲು ತೆರೆದು ಅಜ್ಜಿಯೊಬ್ಬಳು ಇಣುಕಿದಳು. “ಅಯ್ಯೋ, ಮತ್ತೆ ಶುರುವಾಯ್ತಾ ನಿನ್ನ ಗುಡುಗು?”

“ಶುರುವಾಯ್ತು ಅಜ್ಜೀ.”

“ಆಗ್ಲಿ ಬಿಡು, ಕಟ್ಟಡ ಬಿಕೋ ಅಂತಿತ್ತು.”

ಭಾನುವಾರ ಹೊರಡುವ ಮುಂಚೆ ಗುರುಗಳಿಗೆ ಫೋನು ಮಾಡಿದ. “ಬರ್ತಿದ್ದೀವಿ ಗುರುಗಳೇ.”

“ಬರ್ತಿದ್ದೀವಿ ಅಂದ್ರೆ? ಯಾರ್ಯಾರು?”

ಹೆಂಡತಿ ಆಗಲೇ ಕ್ಯಾಬಿನೆಟ್ಟಿನ ಒಂದು ಹಿಡಿಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು.

“ನಾವಿಬ್ರೂ,” ಎಂದು ಅವನು ಇನ್ನೊಂದಕ್ಕೆ ಕೈ ಹಾಕಿದ.