ಕಾಲು ಉರಿಯಲಿಲ್ಲ

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ನಾನು ಕಲಿತ ವಿದ್ಯೆಯ ಹೆಸರು ಪಾಸಿಟಿವ್ ಸೈಕಾಲಜಿ ಕೋಚಿಂಗ್. ಮನುಷ್ಯನ ಕೊರತೆಯನ್ನು ಕೆದಕುವುದು ಬಿಟ್ಟು, ಅವನಲ್ಲಿ ಚೆನ್ನಾಗಿರುವುದನ್ನು ಹಿಡಿದು ಬದಲಾವಣೆಯ ಕಡೆ ನಡೆಸುವುದು. ಯಾದವಗಿರಿಯ ನಮ್ಮ ಮನೆಯ ವರಾಂಡದಲ್ಲಿ ಎರಡು ಬೆತ್ತದ ಕುರ್ಚಿ ಹಾಕಿಕೊಂಡೆ. ಮೊದಲು ಬಂದವರು ಅಗ್ರಹಾರದ ಒಂದು ಸಣ್ಣ ಮೆಸ್ಸಿನ ಅಡುಗೆಯವರು, ಐವತ್ತು ದಾಟಿದವರು.

"ಈ ವಯಸ್ಸಲ್ಲಿ ನಂಗೆ ಟ್ಯೂಷನ್ನಾ ಮೇಷ್ಟ್ರೇ? ಫೇಲಾದ್ರೆ ಹೊಡೀಬೇಡಿ ಮತ್ತೆ" ಎಂದು ನಕ್ಕರು. ಆಮೇಲೆ ನಗು ನಿಂತಿತು. "ಶುಗರ್ ಕಣ್ರೀ. ನಮ್ಮಣ್ಣಂಗೆ ಇದರಲ್ಲೇ ಕಾಲು ತೆಗೆದ್ರು. ನಾನು ಬಾಣಲೆ ಮುಂದೆ ನಿಂತ್ಕಂಡು ದುಡಿಯೋನು. ಎಂಗಾದ್ರೂ ಮಾಡಿ ಕಾಲು ಉಳಿಸ್ಕೊಡಿ."

ಸಿಹಿ ಬಿಡಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಎರಡೂ ಆಗಿರಲಿಲ್ಲ.

ಕೈಗೊಂದು ನೋಟ್‌ಬುಕ್ಕು ಕೊಟ್ಟೆ. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯಬೇಕು, ವಾರಕ್ಕೊಮ್ಮೆ ತಂದು ತೋರಿಸಬೇಕು. ಮೆಸ್ಸಿಗೆ ಭಾನುವಾರ ಸಂಜೆ ರಜೆ, ಹಾಗಾಗಿ ನಮ್ಮ ಭೇಟಿ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟದ್ದು ಆಡಿದರೆ "ಅಸ್ತು" ಅಂದುಬಿಡುತ್ತಾರೆ ಎಂದು ನನ್ನ ಅಜ್ಜಿ ನಮ್ಮ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವರ ಮನೆಯಲ್ಲೂ ಅದೇ ಪಾಠವಂತೆ. ಒಳ್ಳೆಯದನ್ನೇ ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ ಎಂದು ನಾನು ಹಿಗ್ಗಿದೆ.

ಒಂದೂವರೆ ತಿಂಗಳಲ್ಲಿ ಮನುಷ್ಯ ಬೇರೆಯೇ ಆದರು. ಬೆಳಿಗ್ಗೆ ಐದಕ್ಕೆದ್ದು ಅರಮನೆಯ ಕೋಟೆಗೋಡೆಯ ಸುತ್ತ ಒಂದು ಸುತ್ತು. ಕಾಫಿಗೆ ಸಕ್ಕರೆ ಬಂದ್. ನೋಟ್‌ಬುಕ್ಕಿನಲ್ಲಿ 'ಇವತ್ತು ಮೊಮ್ಮಗಳೂ ಜೊತೆಗೆ ನಡೆದಳು.' 'ಸಾರನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.' ಮೇಷ್ಟ್ರ ಚಾಳಿ ಹೋಗುವುದುಂಟೆ, ಪ್ರತಿ ಸಾಲಿಗೂ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕುತ್ತಿದ್ದೆ.

ಒಂದು ಭಾನುವಾರ ಪುಟದಲ್ಲಿ ಹೀಗಿತ್ತು: 'ಬಜ್ಜಿ ಕರಿಯುವಾಗ ಕಾಲ ಮೇಲೆ ಎಣ್ಣೆ ಸಿಡಿಯಿತು. ಉರಿಯಲೇ ಇಲ್ಲ. ದೇವರು ದೊಡ್ಡವನು.'

ಅದಕ್ಕೂ ಸರಿ ಹಾಕಿದೆ. "ಭೇಷ್!" ಎಂದೆ.

ಎರಡು ವಾರದ ಮೇಲೆ ಅವರು ಗೇಟಿನಿಂದ ಕುರ್ಚಿಯವರೆಗೆ ಕುಂಟುತ್ತ ಬಂದರು. ಕಾಲಿಗೆ ದಪ್ಪ ಸಾಕ್ಸು.

"ಕಾಲಿಗೇನಾಯ್ತು?"

"ಒಳಗೆ ದೀಪ ಹಚ್ಚವ್ರೆ ಮೇಷ್ಟ್ರೇ, ಈ ಹೊತ್ತಲ್ಲಿ ಅದೆಲ್ಲ ಯಾಕೆ ಬುಡಿ. ನಡಿಗೆ ಮಾತ್ರ ಒಂದ್ ದಿನಾನೂ ತಪ್ಪಿಸಿಲ್ಲ."

ನಾನು ಮತ್ತೆ ಕೇಳಲಿಲ್ಲ. ಅಜ್ಜಿಯ ಕೈ ನನ್ನ ಬಾಯಿಯ ಮೇಲೆ ಇನ್ನೂ ಇತ್ತು. "ತಪ್ಪಿಸಬೇಡಿ" ಎಂದಷ್ಟೇ ಅಂದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅವರ ಹೆಂಡತಿಯ ಫೋನು ಬಂತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗಿತ್ತು. ಶುಗರಿನಲ್ಲಿ ಕಾಲಿನ ನರ ಸತ್ತರೆ ಕುದಿಯುವ ಎಣ್ಣೆಯೂ ಗೊತ್ತಾಗುವುದಿಲ್ಲವಂತೆ. ಆ ಸುಟ್ಟಗಾಯದ ಮೇಲೇ ಅವರು ದಿನಾ ಕೋಟೆ ಸುತ್ತಿದ್ದರು.

ಆಕೆ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. "ವಾಸನೆ ಬಂದ್ಮೇಲೇ ನಂಗೂ ಗೊತ್ತಾಗಿದ್ದು. ನಡೆಯೋದು ನಿಲ್ಸಿ ಅಂದ್ರೆ, ಮೇಷ್ಟ್ರಿಗೆ ಬೇಜಾರಾಯ್ತದೆ ಕಣೇ, ಪುಸ್ತಕದಲ್ಲಿ ಏನ್ ಬರೀಲಿ ಅನ್ನೋರು. ಒಳ್ಳೇದು ಹೇಳಿ ಅಂದ್ರಿ ನೀವು. ಕೆಟ್ಟದ್ದು ಹೇಳಕ್ಕೆ ಜಾಗ ಎಲ್ಲಿತ್ತು ಸ್ವಾಮಿ?"

ವರಾಂಡದ ಕುರ್ಚಿಗಳನ್ನು ಒಳಗೆ ಹಾಕಿದೆ. ಭಾನುವಾರ ಈಗ ನಾನೇ ಅವರ ಮನೆಗೆ ಹೋಗುತ್ತೇನೆ. ಅವರು ಗೋಡೆಗೊರಗಿ ಕೂತು ಮಾರನೆಯ ದಿನಕ್ಕೆ ಮೆಸ್ಸಿಗೆ ಬೀನ್ಸ್ ಹೆಚ್ಚಿ ಕೊಡುತ್ತಾರೆ, ನಾನು ನಾರು ತೆಗೆಯುತ್ತೇನೆ. ಹೋದ ವಾರ ಆಕೆ ದೇವರ ಗೂಡಿನಲ್ಲಿ ದೀಪ ಹಚ್ಚುತ್ತಿದ್ದಾಗ ಅವರ ಚಾಕು ನಿಂತಿತು. ದೀಪದ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಹೇಳಿ" ಎಂದೆ. "ಈಗಲೇ ಹೇಳಿ."

"ಬೆಳಿಗ್ಗೆ ಬಿಸಿ ಕಾಫಿ ಚೆಲ್ಲಿಕೊಂಡೆ ಮೇಷ್ಟ್ರೇ" ಎಂದು ಉಳಿದ ಕಾಲನ್ನು ಮೆಲ್ಲಗೆ ಮುಂದೆ ಚಾಚಿದರು. "ಇದೂ ಉರೀಲಿಲ್ಲ."

ನಾನು ಆಟೋ ಕರೆಯಲು ಬೀದಿಗೆ ಓಡಿದೆ.