ಗಿರಣಿ ದುಂಡಪ್ಪ ಕಾಕಾನಿಗೆ ಬಂದ ಮರುಮಾತು

ಹೊಸ ಫೋನು ಕೊಳ್ಳಲು ದೊಡ್ಡ ಊರಿನ ಜನ ಹಿಂದಿನ ದಿನವೇ ಬಂದು ಅಂಗಡಿಯ ಮುಂದೆ ಚಾಪೆ ಹಾಸಿ ಮಲಗಿದ್ದರು ಎಂದು ಪೇಪರಿನಲ್ಲಿ ಬಂದಿತ್ತು. ಅದನ್ನು ಓದಿ ಗಿರಣಿ ದುಂಡಪ್ಪ ಕಾಕಾ ಕೇಳಿದ್ದು ಒಂದೇ ಪ್ರಶ್ನೆ.

"ಡಬ್ಬಿ ಇಟ್ಟು ಮನಿಗೆ ಹೋಗಾಕ ಏನಾಗಿತ್ತು ಅವರಿಗೆ?"

ಮುನವಳ್ಳಿಯಲ್ಲಿ ಇರುವ ಅವರ ಹಿಟ್ಟಿನ ಗಿರಣಿಯಲ್ಲಿ ಸರತಿಗೆ ನಿಲ್ಲುವುದು ಡಬ್ಬಿಗಳು, ಜನರಲ್ಲ. ಜೋಳದ ಡಬ್ಬಿ, ಗೋದಿಯ ಚೀಲ ಸಾಲಾಗಿ ಇಟ್ಟು ನಮ್ಮ ಓಣಿಯವರು ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಾರೆ. ಇನ್ನೊಬ್ಬರ ಡಬ್ಬಿಯನ್ನು ಯಾರೂ ಹಿಂದಕ್ಕೆ ಸರಿಸುವುದಿಲ್ಲ. ಇಷ್ಟು ಸರಳವಾದ ಏರ್ಪಾಟು ಫೋನು ತಯಾರಿಸುವಷ್ಟು ಜಾಣರಿಗೆ ಯಾಕೆ ಹೊಳೆಯಲಿಲ್ಲ ಎಂಬುದು ಕಾಕಾನ ನಿಜವಾದ ಚಿಂತೆ.

ಪೇಪರಿನಲ್ಲಿ ಅವರು ಮೊದಲು ತೆರೆಯುವುದು ತಂತ್ರಜ್ಞಾನದ ಪುಟ. ಸ್ವಂತಕ್ಕೆ ಗುಂಡಿ ಒತ್ತುವ ಹಳೆಯ ಫೋನು ಇಟ್ಟುಕೊಂಡಿದ್ದರೂ ಹೊಸದು ಏನು ಬಂದರೂ ಅವರಲ್ಲಿ ಅದಕ್ಕೊಂದು ಅಭಿಪ್ರಾಯ ಸಿದ್ಧವಿರುತ್ತದೆ. ತಲೆಗೆ ಹಿಟ್ಟು ಬೀಳದಂತೆ ಕಿವಿ ಮುಚ್ಚುವ ಹಾಗೆ ಟವೆಲ್ ಸುತ್ತಿ, ಓಡುವ ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ ಅದನ್ನು ಎಲ್ಲರಿಗೂ ಹೇಳುತ್ತಾರೆ. ಮಡಚುವ ಫೋನು ಬಂದಾಗ, "ಮಡಚಿದ ಜಾಗಾದಾಗ ರೊಟ್ಟಿನೂ ಹರೀತೈತಿ, ಇದು ಉಳೀತೈತೇನು" ಎಂದರು. ಹೆಜ್ಜೆ ಎಣಿಸುವ ಗಡಿಯಾರದ ಸುದ್ದಿಗೆ, "ನಡದಾವಗ ನೀ ನಡದಿ ಅಂತ ಹೇಳಾಕ ಇನ್ನೊಂದು ಸಾಮಾನು" ಎಂದರು. ಡ್ರೈವರ್ ಇಲ್ಲದ ಕಾರಿನ ಚಿತ್ರ ನೋಡಿ ಬಹಳ ಹೊತ್ತು ಯೋಚಿಸಿ, "ಯರಗಟ್ಟಿ ಕ್ರಾಸಿನ್ಯಾಗ ಎದುರಿಗೆ ಬಂದ್ರ ಬೈಯೂದು ಯಾರಿಗೆ?" ಎಂದು ಕೇಳಿದರು.

ಹೊಸ ಫೋನಿನ ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡುತ್ತಾರೆ, ಅದನ್ನು ಲಕ್ಷಗಟ್ಟಲೆ ಜನ ಕೂತು ನೋಡುತ್ತಾರೆ ಎಂದು ಅವರಿಗೆ ತೋರಿಸಿದವನು ಕಲ್ಮೇಶ. ಗಿರಣಿಯ ಎದುರಿಗೇ ಅವನ ಮೊಬೈಲ್ ರಿಪೇರಿ ಅಂಗಡಿ. ಯಾವ ಕಂಪನಿಯ ಯಾವ ಫೋನು ಯಾವ ವಾರ ಬರುತ್ತದೆ ಎಂಬುದನ್ನು ಅವನು ಮನೆಯ ಹಬ್ಬದ ಹಾಗೆ ನೆನಪಿಟ್ಟುಕೊಳ್ಳುತ್ತಾನೆ. ಕಾಕಾ ಆ ವಿಡಿಯೋವನ್ನು ಪೂರ್ತಿ ನೋಡಿ, "ನಾ ದಿನಾ ಮುಂಜಾನಿಂದ ಸಂಜಿತನಕ ಡಬ್ಬಿ ಬಿಚ್ಚತೇನಿ, ಒಬ್ಬರಾದ್ರೂ ನೋಡಾಕ ಬಂದೀರೇನು?" ಎಂದರು.

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು. ಆದರೆ ಜನ ನಕ್ಕದ್ದು ಅವರ ಮಾತಿಗಲ್ಲ, ಅದರ ಬೆನ್ನಿಗೇ ಶಟ್ಟೆವ್ವ ಆಡಿದ ಮಾತಿಗೆ. ಶಟ್ಟೆವ್ವ ನಮ್ಮ ಓಣಿಯ ಹಿರಿಯಳು, ಕಾಕಾನಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಡಬ್ಬಿ ಇಟ್ಟು ಮನೆಗೆ ಹೋಗದೆ ಅಲ್ಲೇ ಕಟ್ಟೆಯ ಮೇಲೆ ಕೂರುವವಳು ಅವಳೊಬ್ಬಳೇ. ಕಾಕಾನ ಒಂದೊಂದು ಅಭಿಪ್ರಾಯಕ್ಕೂ ಅವಳಿಂದ ಒಂದು ಮರುಮಾತು ಬರುತ್ತಿತ್ತು. ಕಾಕಾ ಮಾತ್ರ ಒಂದಕ್ಕೂ ಉತ್ತರ ಕೊಟ್ಟವರಲ್ಲ. ಅದು ಅವರ ಸೊಕ್ಕು ಎಂದು ಶಟ್ಟೆವ್ವ ತಿಳಿದಿದ್ದಳು. ನಾವೂ ಹಾಗೆಯೇ ತಿಳಿದಿದ್ದೆವು.

ನಿಜ ಬೇರೆ ಇತ್ತು. ಕಾಕಾನಿಗೆ ಕಿವಿ ಕೇಳುತ್ತಿರಲಿಲ್ಲ.

ಒಂದೇ ಓಣಿಯಲ್ಲಿದ್ದು ಇದು ನಿಮಗೆ ಗೊತ್ತಾಗಲಿಲ್ಲವೇ ಎಂದು ಓದುವವರು ಕೇಳಬಹುದು. ಗಿರಣಿಯಲ್ಲಿ ಯಾರೂ ಬಾಯಿಂದ ಕೆಲಸ ಹೇಳುವುದಿಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಮೂರು ಬೆರಳು ಕೂಡಿಸಿ ತಿಕ್ಕಿದರೆ ಸಣ್ಣಗೆ ಬೀಸು ಎಂದರ್ಥ. ಹೆಬ್ಬೆರಳನ್ನು ತೋರುಬೆರಳಿನ ತುದಿಗೆ ಮುಟ್ಟಿಸಿದರೆ ರವೆ. ಅಂಗೈ ಮುಂದೆ ಮಾಡಿದರೆ ತಡಿ, ಇನ್ನೊಂದು ಚೀಲ ಬರುವುದಿದೆ. ಕಾಕಾ ಮೂವತ್ತು ವರ್ಷ ಜನರ ಕೈಗಳನ್ನೇ ಓದಿದ್ದರು. ಕಿವಿ ಯಾವಾಗ ಮಂದವಾಯಿತು ಎಂಬುದು ಅವರಿಗೇ ತಿಳಿಯಲಿಲ್ಲ. ಕರೆಂಟು ಹೋಗಿ ಗಿರಣಿ ನಿಂತಾಗಲೂ ನಾವು ಅಭ್ಯಾಸಬಲದಿಂದ ಕೈಯನ್ನೇ ಆಡಿಸುತ್ತಿದ್ದೆವು.

ತಿಳಿದಿದ್ದವರು ಅವರ ಹೆಂಡತಿ ಚನ್ನವ್ವ ಒಬ್ಬರೇ. ಮನೆಯಲ್ಲಿಯೂ ಅವರ ನಡುವೆ ಅದೇ ಸನ್ನೆಗಳು ನಡೆಯುತ್ತಿದ್ದವು. ಊಟಕ್ಕೆ ಕರೆಯಬೇಕಾದರೆ ಚನ್ನವ್ವ ಬಾಗಿಲಲ್ಲಿ ನಿಂತು ರೊಟ್ಟಿ ಬಡಿಯುವ ಹಾಗೆ ಅಂಗೈ ತಟ್ಟಿ ತೋರಿಸುತ್ತಿದ್ದರು. ಹಾಲು ತನ್ನಿ, ಬಾಗಿಲು ಹಾಕಿ, ಮಗಳ ಫೋನು ಬಂದಿದೆ, ಎಲ್ಲಕ್ಕೂ ಒಂದೊಂದು ಸನ್ನೆ ಇತ್ತು. ಕೆಲಸವೇನೋ ನಡೆಯುತ್ತಿತ್ತು. ಆದರೆ ಮನಸ್ಸಿನಲ್ಲಿ ಬಂದದ್ದನ್ನು ಸುಮ್ಮನೆ ಹೇಳುವುದಕ್ಕೆ ಸನ್ನೆ ಇರಲಿಲ್ಲ. ಚನ್ನವ್ವ ಒಮ್ಮೆ ಫೋನಿನಲ್ಲಿ ಮಗಳು ಮಾಲಾಳಿಗೆ ಹೇಳಿದರು:

"ನಿಮ್ಮಪ್ಪಗ ಊಟಾ ಹಾಕತೇನಿ, ಚಾ ಕೊಡತೇನಿ, ಎಲ್ಲಾ ಖರೇ. ಮಾತಾಡಿ ಮಾತ್ರ ವರ್ಷಗಟ್ಟಲೆ ಆತವ್ವಾ. ಅದೊಂದು ನನಗ ವಾಪಸ್ ಬೇಕು."

ಮಾಲಾಳನ್ನು ಬೈಲಹೊಂಗಲಕ್ಕೆ ಕೊಟ್ಟಿದ್ದಾರೆ. ಗಿರಣಿಗೆ ರಜೆ ಇದ್ದ ದಿನ ಅವಳು ಇಬ್ಬರನ್ನೂ ಕರೆಸಿಕೊಂಡು ಅಲ್ಲಿನ ಒಂದು ಕಿವಿ ಪರೀಕ್ಷೆಯ ಅಂಗಡಿಗೆ ಕರೆದೊಯ್ದಳು. ಅಲ್ಲಿ ನಡೆದದ್ದನ್ನು ಚನ್ನವ್ವ ಹೇಳಿದಂತೆ ಬರೆಯುತ್ತೇನೆ.

ಕಾಕಾನನ್ನು ಗಾಜಿನ ಕಿಟಕಿ ಇದ್ದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸಪ್ಪಳ ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ಹೊರಗೆ ಯಂತ್ರದ ಮುಂದೆ ಕೂತಳು. ಕಾಕಾ ಒಂದೂ ತಪ್ಪಿಲ್ಲದೆ ಒತ್ತಿದರು. ಹುಡುಗಿಗೆ ಆಶ್ಚರ್ಯವಾಯಿತು.

"ಇವರ ಕಿವಿ ನನ್ನ ಕಿವಿಗಿಂತ ಚಲೋ ಅದಾವಲ್ರಿ" ಎಂದಳು.

ಮಾಲಾಳಿಗೆ ಸಮಾಧಾನವಾಯಿತು. ಚನ್ನವ್ವ ಮಾತ್ರ ಗಂಡನ ಕಣ್ಣನ್ನು ನೋಡುತ್ತಿದ್ದರು. ಅವರು ಎದ್ದು, ಹುಡುಗಿಯ ಕೈಗೂ ಕಿಟಕಿಗೂ ನಡುವೆ ತಮ್ಮ ಸೆರಗನ್ನು ಅಗಲವಾಗಿ ಹಿಡಿದು ನಿಂತರು.

"ಈಗ ಇನ್ನೊಮ್ಮಿ ಮಾಡವ್ವಾ."

ಎರಡನೆಯ ಸಲ ಕಾಕಾ ಗುಂಡಿಯನ್ನೇ ಒತ್ತಲಿಲ್ಲ. ಮೊದಲ ಸಲ ಅವರು ಸಪ್ಪಳ ಕೇಳಿ ಒತ್ತಿರಲಿಲ್ಲ, ಯಂತ್ರದ ಮೇಲೆ ಅವಳ ಬೆರಳು ಆಡಿದಾಗ ಒತ್ತಿದ್ದರು. ಮೋಸ ಮಾಡಬೇಕೆಂದೇನೂ ಅಲ್ಲ. ಎದುರಿಗೆ ಕೂತವರ ಕೈ ಆಡಿದರೆ ಅದಕ್ಕೆ ತಕ್ಕ ಕೆಲಸ ಮಾಡಬೇಕೆಂಬುದಷ್ಟೇ ಅವರಿಗೆ ಗೊತ್ತಿತ್ತು. ಹುಡುಗಿ ನಗು ತಡೆದುಕೊಂಡು ಕಿಟಕಿಗೆ ಪರದೆ ಎಳೆದು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದಳು. ನಂತರ ಕಿವಿಯ ಹಿಂದೆ ಇಡುವ ಒಂದು ಸಣ್ಣ ಯಂತ್ರ ಕೊಟ್ಟಳು. ಗಿರಣಿ ಓಡುವಾಗ ತೆಗೆದಿಡಿ, ಉಳಿದ ಹೊತ್ತು ತಪ್ಪದೆ ಹಾಕಿಕೊಳ್ಳಿ ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಹೆಂಡತಿಗೆ, "ಯಾಕ ಒದರತಿ?" ಎಂದರು. ಚನ್ನವ್ವ ರೂಢಿಯಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಅವರು ದನಿ ಇಳಿಸಿದರು. ಕಾಕಾ ಸ್ವಲ್ಪ ಹೊತ್ತು ಕೇಳಿ, "ನಿನ್ನ ದನಿ ಬ್ಯಾರೆ ಆಗೇತಿ" ಎಂದರು.

"ಹಳೇ ದನಿ ನೀವು ಕೇಳಲಾರದನ ಸವದ ಹೋತು. ಈಗ ಇದ ಐತಿ, ಇದನ್ನ ಕೇಳ್ರಿ" ಎಂದರು ಚನ್ನವ್ವ. ಮುನವಳ್ಳಿ ಬರುವವರೆಗೆ ಅವರಿಬ್ಬರೂ ಮಾತಾಡಿದರಂತೆ.

ಮರುದಿನ ಕಾಕಾ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಗಿರಣಿಗೆ ಬಂದರು. ಯಾರಿಗೂ ಹೇಳಲಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ತಿರುಗುವ ಕಲ್ಮೇಶನಿಗೆ, "ಗಾಳಿ ಜೋಡಿ ಮಾತಾಡಾವ" ಎಂದು ಹೆಸರಿಟ್ಟವರೇ ಅವರು. ಮಧ್ಯಾಹ್ನ ಕರೆಂಟು ಹೋಯಿತು. ಆಗ ಕಾಕಾ ಟವೆಲ್ ಕೆಳಗೆ ಯಂತ್ರ ಸೇರಿಸಿಕೊಂಡದ್ದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಪೇಪರು ಬಿಚ್ಚಿ ಎಂದಿನಂತೆ ಅಭಿಪ್ರಾಯ ಹೇಳಿದರು.

"ಏನ ಕೇಳಿದ್ರೂ ಉತ್ತರಾ ಕೊಡೂ ಯಂತ್ರ ಮಾಡ್ಯಾರಂತ. ಗೊತ್ತಿಲ್ಲ ಅನ್ನೂ ಮಾತ ಅದರ ಬಾಯಾಗ ಬರೂದಿಲ್ಲಂತ. ನಮ್ಮ ಬೀಗರೂ ಹಂಗ ಅದಾರ, ಅವರ ಮಾತ ಕೇಳಿ ಯಾರ್ಯಾರ ಏನೇನ ಆದ್ರಂತ ನಾ ನೋಡೇನಿ."

ಕಟ್ಟೆಯಿಂದ ಶಟ್ಟೆವ್ವನ ಮಾತು ಬಂತು. "ಏನ ಕೇಳಿದ್ರೂ ಉತ್ತರಾ ಕೊಡದ ಯಂತ್ರನೂ ಒಂದ ಐತಿ. ತಲಿಗೆ ಟವೆಲ್ ಸುತಗೊಂಡು ನಮ್ಮ ಮುಂದ ಕುಂತೈತಿ ನೋಡ್ರಿ."

"ಅದರಾಗ ಹೊಸಾ ಮಾಡೆಲ್ ಬಂದಿಲ್ಲಬೇ ಆಯಿ, ಹಳೇದ ನಡದೈತಿ" ಎಂದ ಕಲ್ಮೇಶ.

ಎಲ್ಲರೂ ನಕ್ಕರು. ಆ ದಿನ ಕಾಕಾ ನಗಲಿಲ್ಲ. ಪೇಪರನ್ನು ಮಡಚಿ ಪಕ್ಕಕ್ಕಿಟ್ಟು, ಓಡದೇ ಇದ್ದ ಗಿರಣಿಯ ಹಿಂದೆ ಹೋಗಿ ಚಕ್ರದ ಪಟ್ಟಾ ಸರಿಮಾಡುವವರಂತೆ ನಿಂತರು.

ಮನೆಗೆ ಹೋಗಿ ಯಂತ್ರವನ್ನು ಅದರ ಪೆಟ್ಟಿಗೆಯಲ್ಲಿಟ್ಟರಂತೆ. ಚನ್ನವ್ವ ಏನು ಕೇಳಿದರೂ ಅಂಗೈ ಮುಂದೆ ಮಾಡಿ ತೋರಿಸಿದರಂತೆ. ಗಿರಣಿಯಲ್ಲಿ ಅಭಿಪ್ರಾಯಗಳು ನಿಂತವು. ಚಂದ್ರನ ಮೇಲೆ ಯಂತ್ರ ಇಳಿಸುವ ಸುದ್ದಿ ಬಂದ ದಿನವೂ ಅವರು ಬಾಯಿ ತೆರೆಯಲಿಲ್ಲ. ಹಿಟ್ಟು ತೂಗಿದರು, ಕೊಟ್ಟರು, ಅಷ್ಟೇ. ಗಿರಣಿ ಅಷ್ಟು ಸದ್ದು ಮಾಡುತ್ತಿದ್ದರೂ ಅಲ್ಲಿ ಕೂತವರಿಗೆ ಬೇಸರ ಬರುತ್ತಿತ್ತು.

ಚನ್ನವ್ವ ತಾಳಲಾರದೆ ನಳದ ಹತ್ತಿರ ಶಟ್ಟೆವ್ವನಿಗೆ ಎಲ್ಲವನ್ನೂ ಹೇಳಿದರು. ನಾನೂ ಕೊಡ ಹಿಡಿದು ಅಲ್ಲಿದ್ದೆ. ಶಟ್ಟೆವ್ವನ ಮುಖ ಇಳಿಯಿತು. ಅವಳಿಗೆ ಪಶ್ಚಾತ್ತಾಪವಾಗಿದೆ ಎಂದುಕೊಂಡೆ. ಸ್ವಲ್ಪ ಆಗಿತ್ತು ಕೂಡ. ಆದರೆ ಅವಳು ಮೊದಲು ಆಡಿದ ಮಾತು ಇದು:

"ಅಂದ್ರ ಇಷ್ಟ ವರ್ಷ ನಾ ಅಂದಿದ್ದು ಒಂದೂ ಅವನ ಕಿವಿಗೆ ಬಿದ್ದಿಲ್ಲ?"

"ಇಲ್ಲಬೇ ಯಕ್ಕಾ. ಮೊದಲನೇದ ಬಿದ್ದಿದ್ದು ಅವತ್ತಿಂದು."

"ಅದರಕಿಂತ ಚಲೋ ಚಲೋ ಮಾತ ಅಂದಿದ್ನಲ್ಲ ನಾ" ಎಂದಳು ಶಟ್ಟೆವ್ವ. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು, ಅದು ಅವಳ ಗಮನಕ್ಕೆ ಬರಲಿಲ್ಲ. ಆಮೇಲೆ, "ನೀ ಮನಿಗೆ ನಡಿ. ನಾಳೆ ಯಾರೂ ಗಿರಣ್ಯಾಗ ಕೈ ಎತ್ತಬಾರದು, ನಾ ಹೇಳತೇನಿ ಎಲ್ಲಾರಿಗೆ" ಎಂದಳು.

ಹೇಳಿದಳು ಕೂಡ. ಮರುದಿನ ಗಿರಣಿಗೆ ಬಂದವರೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆವು. ಕಾಕಾ ಮೊದಲ ಡಬ್ಬಿ ಎತ್ತಿಕೊಂಡು, ಸಣ್ಣಗೋ ರವೆಯೋ ಎಂದು ಹುಬ್ಬು ಏರಿಸಿ ಕೇಳಿದರು. ಶಟ್ಟೆವ್ವ ಬಾಯಿ ಆಡಿಸಿದಳು, ಬೆರಳು ಆಡಿಸಲಿಲ್ಲ. ಕಾಕಾ ಕಲ್ಮೇಶನನ್ನು ನೋಡಿದರು. ಅವನೂ ಬಾಯಿಂದಲೇ ಏನೋ ಹೇಳಿದ. ಮುಂದಿನವರೂ ಹಾಗೆಯೇ ಮಾಡಿದರು. ಗೋದಿಯೋ ಜೋಳವೋ ಕಣ್ಣಿಗೆ ಕಾಣುತ್ತದೆ, ಹೇಗೆ ಬೀಸಬೇಕು ಎಂಬುದು ಕಾಣುವುದಿಲ್ಲ. ಕೇಳದೆ ಬೀಸಿ ಒಬ್ಬರ ಧಾನ್ಯ ಕೆಡಿಸುವ ಮನುಷ್ಯ ಅವರಲ್ಲ.

ಕಾಕಾ ಬಹಳ ಹೊತ್ತು ಡಬ್ಬಿ ಹಿಡಿದು ನಿಂತರು. ಅವರು ಸಿಟ್ಟಾಗಿ ಎಲ್ಲರನ್ನೂ ಕಳಿಸಿಬಿಡುತ್ತಾರೆ ಎಂದು ನನಗೆ ಹೆದರಿಕೆಯಾಗಿತ್ತು. ಅವರು ಡಬ್ಬಿ ಕೆಳಗಿಟ್ಟು, ಗೋಡೆಯ ಹತ್ತಿರ ಹೋಗಿ ಸ್ವಿಚ್ ಕೆಳಗೆ ಎಳೆದರು. ಕರೆಂಟು ಇದ್ದಾಗ ಅವರು ಗಿರಣಿ ನಿಲ್ಲಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಮನೆಗೆ ಹೋಗಿ ಪೆಟ್ಟಿಗೆ ತಂದರು. ಟವೆಲ್ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಯಂತ್ರವನ್ನು ಕಿವಿಗೆ ಹಾಕಿಕೊಂಡರು.

"ಈಗ ಹೇಳ್ರಿ."

"ಸಣ್ಣಗ ಬೀಸು" ಎಂದಳು ಶಟ್ಟೆವ್ವ. "ಮತ್ತ ಅವತ್ತ ಅಂದಿದ್ದಕ್ಕ ತಪ್ಪ ತಿಳೀಬ್ಯಾಡ ತಮ್ಮಾ. ನಿನಗ ಸೊಕ್ಕ ಅಂತ ತಿಳಕೊಂಡಿದ್ದೆ."

ಕಾಕಾ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು.

"ಮಡಚೂ ಫೋನಿಗೆ ನಾ ಒಂದ ಮಾತ ಅಂದಿದ್ದೆ. ಅದಕ್ಕ ನೀ ಏನಂದಿದ್ದಿ?"

ಶಟ್ಟೆವ್ವ ಸುತ್ತ ನೋಡಿದಳು. ನಂತರ, "ನಿನ್ನ ಹಿಟ್ಟಿನ ರೊಟ್ಟಿ ಮಡಚೂ ಮುಂಚೇನ ಹರೀತಾವು ಅಂದಿದ್ದೆ" ಎಂದಳು.

"ಜ್ವಾಳಾ ಹಳೇವಿದ್ರ ಹರೀತಾವು. ಅದಕ್ಕ ಗಿರಣಿ ಏನ ಮಾಡತೈತಿ?"

"ಜ್ವಾಳಾ ಹೊಸಾವ ಇದ್ದುವು."

"ಹೊಸಾವ ಇದ್ರ ನೀರ ಕುದ್ದಿರೂದಿಲ್ಲ."

ಹೀಗೆ ಶುರುವಾಯಿತು. ಕಾಕಾ ಒಂದೊಂದಾಗಿ ಹಳೆಯ ಅಭಿಪ್ರಾಯ ತೆಗೆದು ಅದಕ್ಕೆ ಬಂದಿದ್ದ ಮರುಮಾತು ಕೇಳಿದರು. ಶಟ್ಟೆವ್ವ ಮರೆತದ್ದನ್ನು ಕಲ್ಮೇಶ ನೆನಪಿಸಿದ. ಡ್ರೈವರ್ ಇಲ್ಲದ ಕಾರಿನ ಮಾತು ಬಂದಾಗ ಅವಳು, "ಬೈಯಾಕ ಡ್ರೈವರ್ ಯಾಕ ಬೇಕು, ಒಳಗ ಕುಂತಾವನ್ನ ಬೈದ್ರ ಆತು ಅಂದಿದ್ದೆ" ಎಂದಳು. ಕಾಕಾ ಯೋಚಿಸಿದರು. "ಇದು ಖರೇ ಐತಿ. ನನಗ ಹೊಳದಿರಲಿಲ್ಲ" ಎಂದು ಒಪ್ಪಿಕೊಂಡರು. ದಿನವೂ ಕರೆಂಟು ಹೋಗುವ ಹೊತ್ತು ಹತ್ತಿರ ಬಂದರೂ ಯಾರೂ ಹಿಟ್ಟು ಕೇಳಲಿಲ್ಲ.

ಅಷ್ಟರಲ್ಲಿ ಚನ್ನವ್ವ ಬಾಗಿಲಿಗೆ ಬಂದರು. ಅಂಗೈ ತಟ್ಟಲು ಕೈ ಎತ್ತಿದವರು ಕಾಕಾನ ಟವೆಲ್ ಇಲ್ಲದ ತಲೆಯನ್ನೂ ಕಿವಿಯ ಹಿಂದಿನ ಯಂತ್ರವನ್ನೂ ನೋಡಿ ಕೈ ಇಳಿಸಿದರು.

"ಊಟಕ್ಕ ಬರ್ರಿ" ಎಂದರು.

"ಏನ ಮಾಡೀ?"

"ಪುಂಡಿಪಲ್ಯಾ. ಮತ್ತ ಮಾಲಾ ಫೋನ್ ಮಾಡಿದ್ಲು. ಮುಖಾ ನೋಡಿ ಮಾತಾಡೂ ಫೋನ್ ಒಂದ ತಗೋರಿ ಅಂದ್ಲು."

"ಅದ ಯಾತಕ್ಕ? ಮುಖಾ ನಾವು ಮೊದಲ ನೋಡೇವಿ" ಎಂದರು ಕಾಕಾ.

"ನಿಮ್ಮ ಅಭಿಪ್ರಾಯ ಕೇಳಿಲ್ಲ ನಾ. ನನಗ ಬೇಕು."

ಶಟ್ಟೆವ್ವ ಬಾಯಿಗೆ ಸೆರಗು ಹಿಡಿದಳು. ಕಾಕಾ ಎದ್ದು, ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡು, ಕಲ್ಮೇಶನ ಕಡೆ ತಿರುಗಿದರು.

"ಯಾವುದ ಚಲೋ ಐತೋ ಅದರಾಗ? ಮಡಚೂದ ಬ್ಯಾಡ" ಎಂದರು.