ಬಣ್ಣದ ಶೆಡ್ಡಿನ ಟೇಪಣ್ಣ

ವಿಮಾನಗಳಿಗೆ ಬಣ್ಣ ಹಚ್ಚುವ ಶೆಡ್ಡಿನಲ್ಲಿ ಟೇಪಣ್ಣನ ಕೆಲಸವೆಂದರೆ, ಬಣ್ಣ ತಾಗಬಾರದ ಕಡೆಗೆಲ್ಲ ಟೇಪು ಅಂಟಿಸಿ ಒಣಗಿದ ಮೇಲೆ ಕೀಳುವುದು. ಯಾವುದಾದರೂ ವಿಮಾನ ಕಂಪನಿಯವರು ನೀಲಿ ಬಿಟ್ಟು ಕೆಂಪು ಹಿಡಿದರೆಂದರೆ ಅವನಿಗೆ ಐವತ್ತು ವಿಮಾನಗಳ ಸುಗ್ಗಿ. ಮನೆಯಲ್ಲೂ ಕೈ ಸುಮ್ಮನಿರದು. ಗೋಡೆಗೆ ಬಣ್ಣ ಹಚ್ಚಿದ ದಿನ ಮಲಗಿದ್ದ ಬೆಕ್ಕಿಗೂ ಕಾಗದ ಹೊದಿಸಿ ಸುತ್ತಲೂ ಟೇಪು ಅಂಟಿಸಿದ್ದ. “ಒಂದು ಗಳಿಗೆ ನಿಂತಿದ್ರೆ ನನಗೂ ಅಂಟಿಸ್ತಿದ್ರಿ,” ಎಂದಳು ಹೆಂಡತಿ. “ನೀನು ನಿಂತ್ರೆ ತಾನೇ ಕಣೇ!” ಎಂದ. ಆದರೆ ವಿಮಾನದ ಮೂತಿಯ ಪಕ್ಕದ ಸಾಸಿವೆಕಾಳಿನಷ್ಟು ಸಣ್ಣ ತೂತುಗಳ ಹತ್ತಿರ ಬಂದರೆ ಅವನ ತಮಾಷೆ ನಿಂತುಹೋಗುತ್ತದೆ. ಎತ್ತರ ಅಳೆಯುವ ಯಂತ್ರಕ್ಕೆ ಹೊರಗಿನ ಗಾಳಿ ತಾಗುವುದು ಅವುಗಳಿಂದಲೇ; ಅವುಗಳ ಮೇಲೆ ಒಂದು ಚೂರು ಟೇಪು ಉಳಿದರೂ ಮೇಲೆ ಹೋದ ಪೈಲಟ್‌ಗೆ ತಾನೆಷ್ಟು ಎತ್ತರದಲ್ಲಿದ್ದೇನೆಂದೇ ತಿಳಿಯದು. ಮೇಲಧಿಕಾರಿಗಳು ಪರೀಕ್ಷಿಸಿ ಸಹಿ ಹಾಕಿದ ಮೇಲೂ ಟೇಪಣ್ಣ ಏಣಿ ಹತ್ತಿ, ಒಂದೊಂದು ತೂತಿಗೂ ಟಾರ್ಚು ಬಿಟ್ಟು ನೋಡುತ್ತಾನೆ. ವಿಮಾನ ಹೊರಟಾಗ ಎಲ್ಲರೂ ಬಾಲದ ಹೊಸ ಚಿತ್ರಕ್ಕೆ ಚಪ್ಪಾಳೆ ತಟ್ಟಿ ಊಟಕ್ಕೆ ನಡೆಯುತ್ತಾರೆ. ಟೇಪಣ್ಣ ಮಾತ್ರ ಬುತ್ತಿ ಬಿಚ್ಚುವುದಿಲ್ಲ; ಅದು ದೂರದ ಊರಲ್ಲಿ ನೆಲ ಮುಟ್ಟಿತೆಂಬ ಸುದ್ದಿ ಬರಬೇಕು, ಮಧ್ಯಾಹ್ನ ಮೂರಾದರೂ ಸರಿ. ಹೆಂಡತಿ ಫೋನು ಮಾಡಿ “ಊಟ ಆಯ್ತಾ?” ಎಂದು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. “ಏನ್ರೀ, ಇಳೀತಾ?” ಎಂದಷ್ಟೇ ಕೇಳುತ್ತಾಳೆ.